ಪ್ರೊಲಾಗ್ ಪರವಾಗಿ ಒಂದು ಮದುವೆ

ಮುಖ ಕಾಣದವರೊಡನೆ ಜಗಳವಾಡುವುದರಲ್ಲಿ ಎಂಥ ಸುಖವಿದೆಯೆಂದು ನನಗೆ ತಿಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಗಂಜಾಂನ ನಮ್ಮ ಮನೆಗೆ ಇಂಟರ್ನೆಟ್ಟು ಬಂದಾಗ. ಪಾಂಡವಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು, ಸಂಜೆ ಕಾಫಿ ಕುಡಿದವನೇ ಟೆಲಿಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಯಾವುದೋ ದೇಶದ ಯಾರೋ ಒಬ್ಬನೆದುರು ಪ್ರೊಲಾಗ್ ಎಂಬ ಭಾಷೆಯ ಮಾನರಕ್ಷಣೆಗೆ ನಿಲ್ಲುತ್ತಿದ್ದೆ. ಇಂಥದು ನಿಜ, ಇಂಥದು ನಿಯಮ ಎಂದು ಬರೆದುಕೊಟ್ಟರೆ ಕೇಳಿದ ಪ್ರಶ್ನೆಗೆ ತಾನೇ ತರ್ಕಿಸಿ ಉತ್ತರಿಸುವ ಆ ಭಾಷೆಯ ಅಭಿಮಾನಿ ನಮ್ಮ ಸೀಮೆಯಲ್ಲಿ, ನಾನು ಬಲ್ಲಂತೆ, ನಾನೊಬ್ಬನೇ. ‘ಆಟಕ್ಕೆ ಸರಿ. ಯಾರಿಗಾದರೂ ಉಪಯೋಗಕ್ಕೆ ಬಂದ ಒಂದೇ ಒಂದು ಉದಾಹರಣೆ ಕೊಡು’ ಎಂದು ಆತ ಬರೆದ ದಿನ ನನಗೆ ಅನ್ನ ಸೇರಲಿಲ್ಲ. ಕೊಡಲು ಉದಾಹರಣೆಯೇ ಇರಲಿಲ್ಲ.

ಆ ವಾರವೇ ಪಕ್ಕದ ಮನೆಯ ಅಕ್ಕಸಾಲಿ ಪುಟ್ಟಸ್ವಾಮಾಚಾರ್ರ ಮಗಳು ಸರೋಜಳ ಮದುವೆಗೆ ವಿಘ್ನ ಬಂತು. ಹುಡುಗ ಅಕ್ಕಿಹೆಬ್ಬಾಳಿನ ಬಡಗಿ ಮಂಜುನಾಥ. ಇಬ್ಬರೂ ಮನಸಾರೆ ಒಪ್ಪಿದ್ದರು. ನಾಗಮಂಗಲದಿಂದ ಪತ್ನೀಸಮೇತ ಬಂದಿಳಿದ, ಸರೋಜಳ ತಾಯಿಯ ಕಡೆಯ ಹಿರಿಯ ಬಸವಾಚಾರ್ರು, ಇಬ್ಬರ ತಾಯಿಯ ತಾಯಂದಿರೂ ಸಿದ್ದಮ್ಮನೆಂಬ ಒಬ್ಬಳದೇ ಮಕ್ಕಳೆಂದು ಸಾರಿಬಿಟ್ಟರು. “ಇವ್ರು ಅಣ್ಣ-ತಂಗಿ ಆಯ್ತಾರೆ ಕಣ್ಲಾ. ಈ ಸಮ್ಮಂದ ಬುಟ್ಬುಡು.”

ಸರೋಜ ಕೆಂಪು ಕಣ್ಣಿನಲ್ಲಿ ನಮ್ಮ ಮನೆಗೆ ಬಂದಳು. “ಸಾರ್, ನಿಮ್ ಕಂಪ್ಯೂಟ್ರು ಇಂಥವೆಲ್ಲ ಹೇಳ್ತದಾ?” ಅವಳ ಕಣ್ಣೀರಿಗಿಂತ ಮೊದಲು ನನಗೆ ನೆನಪಾದದ್ದು ನನ್ನ ಪ್ರತಿವಾದಿ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬಸವಾಚಾರ್ರೇ ನಮ್ಮ ಮನೆಯಲ್ಲಿ ಕೂತು ಯಾರು ಯಾರ ಮಕ್ಕಳು, ಯಾರು ಯಾರನ್ನು ಮದುವೆಯಾದರು ಎಂದು ಹೇಳಿದರು. ನಾನು ಬೆರಳು ನೋಯುವಷ್ಟು ಕೀಲಿ ಒತ್ತಿ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ. ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರೇ ಎಂಬ ನಿಯಮವನ್ನೂ ಬರೆದು, ಸರೋಜ, ಮಂಜುನಾಥ ಅಣ್ಣತಂಗಿಯರೇ ಎಂದು ಕೇಳಿದರೆ ತೆರೆಯ ಮೇಲೆ ‘ಹೌದು’ ಎಂದು ಬಂತು. ಹುಡುಗಿ ತಲೆ ತಗ್ಗಿಸಿದಳು. ನನ್ನ ಭಾಷೆಯೇ ನನಗೆ ಕೈಕೊಟ್ಟ ಸಿಟ್ಟಿನಲ್ಲಿ, ಇದೇ ನಿಯಮದಂತೆ ಈಗಾಗಲೇ ಮದುವೆಯಾಗಿರುವ ಅಣ್ಣತಂಗಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಒಂದೇ ಜೋಡಿ ಬಂತು: ಬಸವಾಚಾರ್ರು ಮತ್ತು ಅವರ ಪತ್ನಿ ಗೌರಮ್ಮ! ಅವರು ಬರೆಸಿದಂತೆ ಅವರಿಬ್ಬರ ತಾಯಿಯ ಕಡೆಯ ಬೇರೂ ಅದೇ ಸಿದ್ದಮ್ಮನಿಗೆ ಮುಟ್ಟುತ್ತಿತ್ತು.

“ಏನ್ ಬೊಗಳ್ತದಯ್ಯಾ ನಿನ್ ಮಿಸಿನ್ನು! ನಲವತ್ತು ವರ್ಸ ಸಂಸಾರ ಮಾಡಿವ್ನಿ!”

ಅಡುಗೆಮನೆಯಲ್ಲಿ ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದ ಗೌರಮ್ಮ ಗದ್ದಲಕ್ಕೆ ಹೊರಬಂದು, ವಿಷಯ ತಿಳಿದು ನಕ್ಕರು. “ನೀವ್ ಬರ್ಸಿದ್ದೇ ತಪ್ಪು. ಸಿದ್ದಮ್ಮದೀರು ಇಬ್ರು. ನಿಮ್ಮೋಳು ನಾಗಮಂಗ್ಲದೋಳು, ನಮ್ಮೋಳು ಕೆ.ಆರ್.ಪೇಟೆಯೋಳು. ಸರೋಜ ನಿಮ್ಮೋಳ ಕಡೆ, ಮಂಜ ನಮ್ಮೋಳ ಕಡೆ.”

“ಮೊದ್ಲೇ ಯಾಕಮ್ಮಿ ಯೋಳ್ನಿಲ್ಲ?”

“ನನ್ನ ಯಾರ್ ಕೇಳಿದ್ರಿ?”

ಒಬ್ಬ ಸಿದ್ದಮ್ಮನನ್ನು ಇಬ್ಬರಾಗಿಸಿ ಮತ್ತೆ ಕೇಳಿದೆ. ‘ಇಲ್ಲ’ ಎಂದಿತು. “ಇನ್ನೊಂದ್ಸಲ ಕೇಳಿ ಸಾರ್” ಎಂದಳು ಸರೋಜ. ಕೇಳಿದೆ. ಆಗಲೂ ‘ಇಲ್ಲ’ ಎಂದೇ ಬಂತು. ಬಸವಾಚಾರ್ರು ಕೆಮ್ಮಿ, ಲಗ್ನದ ದಿನ ನೋಡಲು ಪಂಚಾಂಗ ಕೇಳಿದರು.

ವಿವಾದಕ್ಕೆಂದು ಹಿಡಿದ ಭಾಷೆ ವಿವಾಹಕ್ಕೆ ಒದಗಿದ ಈ ಕತೆಯನ್ನು ಮದುವೆಯೂಟ ಮುಗಿಸಿ ಬಂದ ಸಂಜೆ ಸವಿಸ್ತಾರವಾಗಿ ಬರೆದು ಕಳಿಸಿದೆ. ಮರುದಿನ ಆತನ ಉತ್ತರ ಬಂತು: ‘ಇದಕ್ಕೆ ಕಂಪ್ಯೂಟರೇಕೆ? ಆ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು.’

ಅದುವರೆಗೆ ಆತನಿಗೆ ಪುಟಗಟ್ಟಲೆ ಬರೆಯುತ್ತಿದ್ದವನು ಅಂದು ಒಂದೇ ಸಾಲು ಬರೆದೆ: ‘ಸಾಕಿತ್ತು, ನಿಜ, ಆದರೆ ನಾವು ಯಾರೂ ಕೇಳಿರಲಿಲ್ಲ.’