ದ್ಯಾಮಣ್ಣ ಬಿಟ್ಟ ತೂತು

ಕಳೆದ ಭಾನುವಾರ ಬೆಳಿಗ್ಗೆ ಒಂದು ಬೀಡಿ ತುಂಡು ನನ್ನ ಮರ್ಯಾದೆ ಕಳೆಯಿತು.

ಹೇಗೆ ಎಂದು ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಸಂಶಯದ ಪ್ರಾಣಿ. ಹಾಲು ತಂದವಳ ಎದುರೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಬಸ್ಸಿನ ಹಣೆಯ ಮೇಲೆ ಯಲ್ಲಾಪುರ ಎಂದು ಬೋರ್ಡಿದ್ದರೂ ಡ್ರೈವರನನ್ನು ಕೇಳಿ, ಕಂಡಕ್ಟರನನ್ನೂ ಕೇಳಿ ಹತ್ತುತ್ತೇನೆ. (ಇಬ್ಬರೂ ಸೇರಿಕೊಂಡಿದ್ದರೆ?) ಇಷ್ಟು ಹುಷಾರಿನ ಮನುಷ್ಯ ತಗಡಿನ ಕೆಲಸದವನನ್ನು ನಂಬುತ್ತಾನೆಯೇ?

ತಗಡಿನವನು ಎಂದರೆ ದ್ಯಾಮಣ್ಣ. ಕಿರವತ್ತಿ ಕಡೆಯವನು. ಪ್ರತಿ ಬೇಸಿಗೆ ಶಿರಸಿಗೆ ಬಂದು ನಮ್ಮ ಓಣಿಯ ತುದಿಯಲ್ಲಿ ಇದ್ದಿಲ ಒಲೆ ಹೂಡುತ್ತಾನೆ. ಹಂಚಿನ ಮಾಡಿನಿಂದ ಬೀಳುವ ನೀರನ್ನು ಹಿಡಿದು ಗೋಡೆಯಿಂದ ದೂರ ಸಾಗಿಸಲು ಸೂರಿನುದ್ದಕ್ಕೆ ತಗಡಿನ ದೋಣಿ ಕಟ್ಟಿಸುತ್ತೇವಲ್ಲ, ಅದನ್ನು ಮಾಡುವುದು, ಹಳೆಯದಕ್ಕೆ ಬೆಸುಗೆ ಹಾಕುವುದು ಅವನ ಕೆಲಸ. ಮಳೆ ಹಿಡಿಯುವ ಮುಂಚಿನ ಏಳೆಂಟು ವಾರವೇ ಅವನ ಸೀಸನ್. ಆಮೇಲೆ ಅವನನ್ನು ಕೇಳುವವರಿಲ್ಲ.

ಈ ವರ್ಷ ನಮ್ಮ ಮನೆಗೂ ಹೊಸ ದೋಣಿ ಕಟ್ಟಿದ. ನಮ್ಮದು ಮಣ್ಣಿನ ಗೋಡೆ. ನೆನೆದರೆ ಕುಸಿಯುತ್ತದೆ. "ಗ್ಯಾರಂಟಿ ಏನಪ್ಪಾ?" ಎಂದು ಕೇಳಿದೆ.

"ನಾನ ಗ್ಯಾರಂಟಿ ಅದೀನಲ್ರಿ. ವಾರಕ್ಕೊಮ್ಮೆ ಏಣಿ ಹಾಕಿ ಎಲಿ ಕಸ ತಗೀರಿ, ಸಾಕು."

ಇಷ್ಟು ಸುಲಭವಾಗಿ ಗ್ಯಾರಂಟಿ ಕೊಡುವವನನ್ನು ನಂಬುವುದುಂಟೇ? ನನ್ನ ಸಂಶಯ ಆಗಲೇ ಎದ್ದು ಕೂತಿತು.

ಹದಿನೈದು ದಿನಕ್ಕೆ ಮೊದಲ ಅಡ್ಡಮಳೆ ಬಂತು. ಮರುದಿನ ಹೆಂಡತಿ ಒಳಕೋಣೆಯಿಂದ ಕೂಗಿದಳು. "ಇಲ್ಲಿ ಬಂದು ನೋಡಿ. ಗ್ವಾಡೆ ಪೂರಾ ಒದ್ದೆ ಆಯ್ದು!"

ನೋಡಿದೆ. ಸುಣ್ಣ ಉಬ್ಬಿತ್ತು. ಒತ್ತಿದರೆ ಬೆರಳಿಗೆ ಮಣ್ಣು ಬಂತು. ತಕ್ಷಣ ನನಗೆ ಎಲ್ಲ ಹೊಳೆದುಹೋಯಿತು. ಬೇಕೆಂದೇ ಬೆಸುಗೆಯಲ್ಲಿ ಸಣ್ಣ ತೂತು ಬಿಟ್ಟಿದ್ದಾನೆ! ತೂತಿದ್ದರೆ ತಾನೇ ಮತ್ತೆ ರಿಪೇರಿಗೆ ಕರೆಯುವುದು?

ಏಣಿ ಹತ್ತಿ ನೋಡಿದೆನೇ? ಇಲ್ಲ. ಸಂಶಯಪಡಲು ಏಣಿ ಯಾಕೆ, ಕುರ್ಚಿ ಸಾಕು. ಕುರ್ಚಿಯಲ್ಲಿ ಕೂತು ಇದೇ ಅಂಕಣದಲ್ಲಿ ಬರೆದೆ. ಮೂರು ವಾರದ ಹಿಂದೆ, 'ತಗಡಿನವರ ತೂತು' ಎಂದು. ನಿಮಗೆ ನೆನಪಿರಬಹುದು. ದಾರಿಯಲ್ಲಿ ನಿಲ್ಲಿಸಿ, ಭಾರೀ ಚೆನ್ನಾಗಿದೆ ಎಂದವರೂ ಇದ್ದಾರೆ. ಹೆಸರು ಹಾಕಿರಲಿಲ್ಲ, ನಿಜ. ಆದರೆ ಕಿರವತ್ತಿಯಿಂದ ಶಿರಸಿಗೆ ಬರುವ ತಗಡಿನವರು ಎಷ್ಟು ಮಂದಿ?

ಎದುರುಮನೆಯವರು ಹೇಳಿಟ್ಟ ಕೆಲಸ ಬೇಡವೆಂದರು. ಎಕ್ಕಂಬಿಯಿಂದ ಅವನನ್ನು ಕರೆಯಲು ಬಂದವರು ಅರ್ಧ ದಾರಿಯಿಂದಲೇ ತಿರುಗಿದರು. ಒಬ್ಬರಾದರೂ ನನ್ನನ್ನು, "ನೀವು ಆ ತೂತು ಕಣ್ಣಾರೆ ಕಂಡಿರಾ?" ಎಂದು ಕೇಳಬೇಡವೇ? ತಕ್ಕಡಿಯವನನ್ನು, ಹಾಲಿನವಳನ್ನು, ದರ್ಜಿಯನ್ನು ದಿನವೂ ಸಂಶಯಪಡುವ ಊರಿಗೆ ನನ್ನ ಮೇಲೆ ಮಾತ್ರ ಸಂಶಯ ಬರಲಿಲ್ಲ. ದ್ಯಾಮಣ್ಣ ಆರಿದ ಒಲೆಯ ಮುಂದೆ ಸುಮ್ಮನೆ ಕೂತಿರುವುದನ್ನು ರಜೆಯಲ್ಲೂ ಶಾಲೆಯ ಕಚೇರಿ ಕೆಲಸಕ್ಕೆ ಹೋಗುವಾಗ ಕಾಣುತ್ತಿದ್ದೆ. ತಪ್ಪು ಮಾಡಿದವನ ಮುಖ ಹೀಗೇ ಇರುತ್ತದೆ ಎಂದುಕೊಳ್ಳುತ್ತಿದ್ದೆ.

ಭಾನುವಾರ ಅವನೇ ಏಣಿ ಹೊತ್ತು ಬಂದ.

"ಮಾಸ್ತರ, ಆ ತೂತ ಎಲ್ಲೈತಿ ತೋರಸ್ರಿ. ನೋಡೇ ಹೋಗ್ತೀನಿ."

ನಮ್ಮ ದೋಣಿಯ ಒಂದು ತುದಿ ಮುಚ್ಚಿದೆ. ಇನ್ನೊಂದು ತುದಿಯಲ್ಲಿ ನೀರಿಳಿಯುವ ಪೈಪು. ಪೈಪಿನ ಕಡೆ ಅವನು ಏಣಿ ಹತ್ತಿದ. ಮುಚ್ಚಿದ ತುದಿಯಲ್ಲಿ ನನ್ನನ್ನು ಮೇಜಿನ ಮೇಲೆ ನಿಲ್ಲಿಸಿದ. ಹೆಂಡತಿ ಬಾವಿಯಿಂದ ಕೊಡಪಾನ ತುಂಬಿ ತಂದುಕೊಟ್ಟಳು. ಅವನು ಸ್ವಲ್ಪ ನೀರು ಹೊಯ್ದು, ಬೆಸುಗೆಯ ಕೆಳಗೆ ಕೈಯಾಡಿಸಿ ನೋಡಿ ಎಂದ. ನೋಡಿದೆ. ಒಂದು ಹನಿ ಇಲ್ಲ. (ಬರುವ ಮೊದಲೇ ಮೇಣ ಮೆತ್ತಿಹೋಗಿರಬಹುದೇ?)

ಆಮೇಲೆ ಉಳಿದ ನೀರನ್ನೂ ಹೊಯ್ದು, ಕಿವಿಯ ಸಂದಿಯಲ್ಲಿದ್ದ ಬೀಡಿ ತುಂಡು ತೆಗೆದು ನೀರಿನಲ್ಲಿ ತೇಲಿಬಿಟ್ಟ. ದೋಣಿಯ ಇಳಿಜಾರನ್ನು ಅವನು ಟೆಸ್ಟು ಮಾಡುವುದು ಹಾಗೆಯೇ. ತುಂಡು ಹೋಗಬೇಕಾದದ್ದು ಪೈಪಿಗೆ. ಪೈಪು ಅಲ್ಲೇ, ಒಂದು ಗೇಣು ದೂರದಲ್ಲಿದೆ. ತುಂಡು ಅತ್ತ ಹೋಗಲಿಲ್ಲ. ಮನೆ ಗೊತ್ತಿರುವ ನೆಂಟನ ಹಾಗೆ ಇಡೀ ದೋಣಿ ದಾಟಿ ನನ್ನ ಮೂಗಿನ ಕೆಳಗೆ ಬಂದು ನಿಂತಿತು. ಹಿಂದೆಯೇ ನೀರು ಬಂದು ತುಳುಕಿತು. ಅರ್ಧ ಗೋಡೆಗೆ, ಅರ್ಧ ನನ್ನ ಪಂಚೆಗೆ.

"ಪೈಪಿನ ಕಡೆ ತುದಿ ಮ್ಯಾಲೆದ್ದೈತ್ರಿ," ಎಂದ ದ್ಯಾಮಣ್ಣ. "ದೋಣಿ ಹಿಡದ ಕೊಂಡಿಗೆ ತಂತಿ ಬಿಗದಾರ. ತೆಂಗಿನ ಮರ ಗಾಳಿಗೆ ತೂಗಿದಾಗೆಲ್ಲ ಎಳದೈತಿ. ಯಾರ ಕಟ್ಯಾರ ಇದನ್ನ?"

ಆಗಲೂ ನನ್ನ ಸಂಶಯ ಕೆಲಸ ನಿಲ್ಲಿಸಲಿಲ್ಲ. ತೆಂಗಿನಕಾಯಿ ಕೀಳಲು ಬಂದವನೇ ಇರಬೇಕು ಎನ್ನಲು ಬಾಯಿ ತೆರೆದೆ.

"ಇವ್ರೇ ಕಟ್ಟಿದ್ದು," ಎಂದಳು ಹೆಂಡತಿ ಕೆಳಗಿನಿಂದ. "ರೇಡಿಯೋದ ಏರಿಯಲ್ಲು. ನಾನೇ ಏಣಿ ಹಿಡ್ಕಂಡಿದ್ದೆ."

ಹೌದು. ದೋಣಿ ಕಟ್ಟಿಸಿದ ನಾಲ್ಕನೆಯ ದಿನ. ಧಾರವಾಡ ಸರಿಯಾಗಿ ಕೇಳುವುದಿಲ್ಲವೆಂದು ತಂತಿಯ ಒಂದು ತುದಿಯನ್ನು ತೆಂಗಿನ ಮರಕ್ಕೂ ಇನ್ನೊಂದನ್ನು ದೋಣಿಯ ಕೊಂಡಿಗೂ ಬಿಗಿದವನು ನಾನೇ. ಧಾರವಾಡ ಗಂಟೆ ಹೊಡೆದ ಹಾಗೆ ಕೇಳಿತು. ಗೋಡೆ ನೆನೆಯಿತು. ಊರಿನವರನ್ನೆಲ್ಲ ಸಂಶಯಪಡುವ ನನಗೆ ನನ್ನದೇ ಕೈಯ ಮೇಲೆ ಸಂಶಯ ಬರಲಿಲ್ಲ.

ನಾಚಿಕೆಯಾಯಿತು. ಮೇಜಿನಿಂದ ಇಳಿಯಲಿಕ್ಕೂ ಆಗದಷ್ಟು ನಾಚಿಕೆ.

ಅವನು ತಂತಿ ಬಿಚ್ಚಿದ. ಕೊಂಡಿಯನ್ನು ಬಡಿದು ಸರಿಮಾಡಿದ. ಅದೇ ಬೀಡಿ ತುಂಡನ್ನು ಮತ್ತೆ ತೇಲಿಬಿಟ್ಟ. ಅದು ಸೀದಾ ಪೈಪಿಗಿಳಿದು ಅಂಗಳಕ್ಕೆ ಬಿತ್ತು.

"ಈ ವಾರವೇ ಬರೀತೇನೆ ದ್ಯಾಮಣ್ಣ, ತಪ್ಪು ನಂದೇ ಅಂತ," ಎಂದೆ.

"ನನಗ ಓದಾಕ ಬರಂಗಿಲ್ಲರಿ," ಎಂದ. "ಅವತ್ತಿಂದು ದರ್ಜಿ ಅಂಗಡ್ಯಾಗ ಗಟ್ಟಿಯಾಗಿ ಓದಿದ್ರು. ಎಲ್ಲಾರೂ ನಕ್ರು ಅಂತ ಇನ್ನೊಮ್ಮೆ ಓದಿದ್ರು. ನಾನೂ ಅಲ್ಲೇ ಕುಂತಿದ್ದೆ."

ಏಣಿ ಹೆಗಲಿಗೇರಿಸಿಕೊಂಡು ಹೊರಟ. ಮಳೆ ಹಿಡಿಯಲು ಇನ್ನು ಹೆಚ್ಚೆಂದರೆ ಒಂದು ವಾರ. ಅಷ್ಟರಲ್ಲಿ ಎಷ್ಟು ಮನೆಯವರು ಅವನನ್ನು ಮತ್ತೆ ಕರೆದಾರು?

ಹಾಗಾಗಿ ಈಗ ನನ್ನ ಸಂಶಯವೆಲ್ಲ ನಿಮ್ಮ ಮೇಲೆ. ಇದನ್ನು ನೀವು ಗಟ್ಟಿಯಾಗಿ ಓದುತ್ತಿದ್ದೀರಾ, ಇಲ್ಲ ಮನಸ್ಸಿನಲ್ಲೇ?