ನರ್ಸಮ್ಮನ ಹೆಸರು

ಅಜ್ಜಂಪುರದ ತೀರ್ಥಮ್ಮ ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ, ಮಕ್ಕಳಿಗೆ ಸೂಜಿ ಹಾಕಿ ನಿವೃತ್ತರಾದವರು. ಊರಿಗೆಲ್ಲ ನರ್ಸಮ್ಮ. ಆರೋಗ್ಯ ತರಬೇತಿಯ ಹುಡುಗರು ಹಳ್ಳಿ ಸುತ್ತಲು ಬಂದಾಗ, ಯಾರೂ ಕರೆಯದಿದ್ದರೂ ಬಿಟ್ಟಿಯಾಗಿ ಅವರ ಜೊತೆ ಹೊರಟರು.

"ಹೋದ ಕೂಡ್ಲೆ ಕಾಯಿಲೆ ಮಾತೆತ್ತಬೇಡ್ರೋ. ಎಮ್ಮೆ ಕರು ಹಾಕ್ತಾ ಅಂತ ಕೇಳಿ. ಕೊಟ್ಟ ಮಜ್ಜಿಗೆ ಕುಡೀರಿ. ಜನ ಮೊದ್ಲು ನಂಬಬೇಕು."

ಕಡೂರಿನ ಓಂಕಾರಮೂರ್ತಿ ಇದನ್ನು ಎಲ್ಲರಿಗಿಂತ ಬೇಗ ಕಲಿತ. ತೀರ್ಥಮ್ಮನಿಗೆ ಅವನ ಮೇಲೇ ಹೆಚ್ಚು ಅಕ್ಕರೆ.

ಎಪ್ಪತ್ತಾರರ ಎಮರ್ಜೆನ್ಸಿಯಲ್ಲಿ ಮೇಲಿನಿಂದ ಹುಕುಂ ಬಂತು: ಸಂತಾನಹರಣ ಶಿಬಿರಕ್ಕೆ ಜನ ತರದ ಹುಡುಗನಿಗೆ ಪಾಸಿಲ್ಲ. "ಯಾರನ್ನೂ ಮೋಸ ಮಾಡಿ ಕರೀಬೇಡ್ರಿ" ಎಂದು ಹೇಳಿ ತೀರ್ಥಮ್ಮ ತಂಗಿಯನ್ನು ನೋಡಲು ತರೀಕೆರೆಗೆ ಹೋದರು. ವಾಪಸು ಬರುವಷ್ಟರಲ್ಲಿ ಬುಕ್ಕಾಂಬುಧಿಯ ಕರಿಯಮ್ಮನ ಮಗ ಕಲ್ಲಪ್ಪನಿಗೆ ಆಪರೇಷನ್ ಆಗಿಹೋಗಿತ್ತು. ಮದುವೆ ಗೊತ್ತಾಗಿದ್ದ ಹುಡುಗ. ಚಳಿಜ್ವರಕ್ಕೆ ಸೂಜಿ, ನರ್ಸಮ್ಮನೇ ಕಳಿಸಿದಾರೆ ಅಂತ ಓಂಕಾರಮೂರ್ತಿ ಅಂದಿದ್ದಕ್ಕೆ ಎದ್ದು ಹೋಗಿದ್ದ.

ತೀರ್ಥಮ್ಮ ಓಂಕಾರಮೂರ್ತಿಯ ಕೊರಳಪಟ್ಟಿ ಹಿಡಿದರು. "ಏನೋ ಮಾಡ್ದೆ ಇದು?"

ಅವನು ಮೆಲ್ಲಗೆ ಅವರ ಕೈ ಬಿಡಿಸಿದ. "ಜನ ನಂಬಬೇಕು ಅಂತ ನೀವೇ ಹೇಳಿಕೊಟ್ರಲ್ಲ, ಅಮ್ಮಾ. ನಂಬಿದ್ರು."

ಕರಿಯಮ್ಮ ಬಂದು ಕಾಲು ಹಿಡಿದಳು. "ಆಗಿದ್ದು ಆಗೋಯ್ತು ನರ್ಸಮ್ಮ. ಹೆಣ್ಣಿನ ಕಡೆಯವ್ರು ಕೇಳಿದ್ರೆ ಏನೂ ಆಗಿಲ್ಲ ಅಂದ್ಬಿಡಿ. ನಿಮ್ಮ ಮಾತು ನಂಬ್ತಾರೆ."

ಹುಡುಗಿಯ ಅಪ್ಪ ಈರಭದ್ರಪ್ಪ ಅದೇ ವಾರ ಬಂದು ಜಗಲಿಯ ಮೇಲೆ ಕೂತ. ಮದುವೆಯಾಗಬೇಕಿದ್ದ ಅವನ ಮಗಳು ಹುಟ್ಟಿದ್ದು ತೀರ್ಥಮ್ಮನ ಕೈಯಲ್ಲೇ. "ನೀವೊಂದು ಮಾತು ಹೇಳಿದ್ರೆ ಸಾಕು, ಅಮ್ಮಾ" ಎಂದ. ಆ ಹುಡುಗಿ ಮುಂದೆ ಬಂಜೆ ಅನ್ನಿಸಿಕೊಂಡು ಬದುಕುವುದು ತೀರ್ಥಮ್ಮನ ಕಣ್ಣಿಗೆ ಕಟ್ಟಿತು. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

ಮದುವೆ ಮುರಿಯಿತು. ಕರಿಯಮ್ಮ ನಡುಬೀದಿಯಲ್ಲಿ ನಿಂತು ಕೂಗಿದಳು: "ಒಂದ್ಸಲ ನಿನ್ನ ಹೆಸರು ನನ್ನ ಮಗನ್ನ ಕೊಯ್ತು. ಇನ್ನೊಂದ್ಸಲ ನಿನ್ನ ಬಾಯಿ ಕೊಯ್ತು ಕಣೇ!" ಕಲ್ಲಪ್ಪ ಊರು ಬಿಟ್ಟು ಕಡೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವುದಕ್ಕೆ ಸೇರಿಕೊಂಡ. ಮತ್ತೆ ಯಾರೂ ಅವನಿಗೆ ಹೆಣ್ಣು ಕೊಡಲಿಲ್ಲ.

ಮರುವರ್ಷ ನಾಯಿಕೆಮ್ಮು ಬಂತು. ತೀರ್ಥಮ್ಮ ಹೊಸ ಹುಡುಗರನ್ನು ಕಟ್ಟಿಕೊಂಡು ಬುಕ್ಕಾಂಬುಧಿಗೆ ಹೋದರು. ಒಂದು ಮನೆಯವರೂ ಮಗುವನ್ನು ಹೊರಗೆ ತರಲಿಲ್ಲ. ಸೂಜಿ ಕಂಡವರೇ ಬಾಗಿಲು ಹಾಕಿಕೊಂಡರು. ಆ ಮಳೆಗಾಲದಲ್ಲಿ ಸತ್ತ ಕೂಸುಗಳಲ್ಲಿ ಕರಿಯಮ್ಮನ ಮಗಳ ಮಗುವೂ ಒಂದು. ತೀರ್ಥಮ್ಮ ಆ ಕೂಸಿನ ಮಣ್ಣಿಗೆ ಹೋದರೆ ಗಂಡಸರು ಅಡ್ಡ ನಿಂತು ವಾಪಸು ಕಳಿಸಿದರು.

ಓಂಕಾರಮೂರ್ತಿ ಪಾಸಾದ. ಎಂಬತ್ತೆರಡರಲ್ಲಿ ಆ ಸೀಮೆಗೇ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಬಂದು, ತನ್ನ ಕೈಕೆಳಗಿನ ಹುಡುಗರಿಗೆ ಮೊದಲ ದಿನವೇ ಹೇಳಿದ: "ಕೊಟ್ಟ ಮಜ್ಜಿಗೆ ಕುಡೀರಿ."