ಮೋಡೆಮ್‌ಗೆ ಗಾಳಿ ಬಿಟ್ಟವರು

1997ರ ಏಪ್ರಿಲ್‌ನಲ್ಲಿ ಬಂಗಾರಪೇಟೆಯ ನಮ್ಮ ಪತ್ರಿಕಾ ಕಚೇರಿಯ ಮೋಡೆಮ್ ವಿಪರೀತ ಬಿಸಿಯಾಗಿ, ಫೋನ್ ಲೈನಿನಲ್ಲಿ ಕಳಿಸುತ್ತಿದ್ದ ಸುದ್ದಿಯನ್ನು ಮೂರು ದಿನ ಅರ್ಧಕ್ಕೇ ನಿಲ್ಲಿಸಿತು. ನಾಲ್ಕನೇ ದಿನವೂ ಹಾಗಾದರೆ ಕಚೇರಿ ಮುಚ್ಚುವುದಾಗಿ ಸಂಪಾದಕರು ಹೇಳಿದ್ದರು.

ರಿಪೇರಿಗೆ ಬಂದವರು ಹಿಂದೆ ನಂದಿದುರ್ಗ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಗಾಳಿ ಹಾಯಿಸುವ ಯಂತ್ರ ನೋಡಿಕೊಳ್ಳುತ್ತಿದ್ದವರು. ಬಂಡೆಯ ಕಾವು ನೋಡುವಂತೆ ಮೋಡೆಮ್‌ಗೆ ಕೈಯ ಹಿಂಬದಿ ತಾಗಿಸಿದರು. ನಾನು ಹೊದಿಸಿದ್ದ ಕ್ರೋಶಾ ಬಟ್ಟೆಯನ್ನು ಎತ್ತಿ ಹಿಡಿದರು.

"ಇದಕ್ಕೇನು ಸಾರ್, ಚಳಿನಾ?"

"ಧೂಳು ಕೂರಬಾರದು ಅಂತ."

"ಗಾಳಿ ಬರೋಕೆ ದಾರಿ ಐತೆ. ಓಗೋಕೆ ಎಲ್ಲೈತೆ?"

ರೇಡಿಯೊ, ಟಿವಿ, ಏನೇ ಕೆಟ್ಟರೂ ಅವರು ಕೇಳುತ್ತಿದ್ದುದು ಇದನ್ನೇ.

ಬಟ್ಟೆಯನ್ನು ಮಡಿಸಿ ನನ್ನ ಕೈಗಿತ್ತು, ಮೋಡೆಮನ್ನು ನಾಲ್ಕು ಕೇರಂ ಕಾಯಿಗಳ ಮೇಲೆ ಕೂರಿಸಿದರು. ಅಂದು ಸಂಜೆ ಸುದ್ದಿ ಪೂರ್ತಿ ಹೋಯಿತು. ಕಚೇರಿ ಉಳಿಯಿತು.

ಅವರನ್ನು ಕೊನೆಯ ಬಾರಿ ಕಂಡದ್ದು ಮಾರಿಕುಪ್ಪಂ ರೈಲಿನಲ್ಲಿ. ತಮ್ಮ ಕಿಟಕಿ ತೆರೆದು, ಎದುರು ಸಾಲಿನವರ ಕಿಟಕಿಯನ್ನೂ ತೆರೆಸಿ, ಆಮೇಲೆ ಕುಳಿತರು.